ಚಿಂದಿಯ ಬಾಲ

ಅಕ್ಕ ಬೆಕ್ಕು ತಂದ ದಿನವೇ ಪುಟ್ಟಿಗೆ ಹಲ್ಲುನೋವು ಶುರುವಾಯಿತು. ಎರಡಕ್ಕೂ ಸಂಬಂಧವಿಲ್ಲವೆಂದು ಯಾವ ಹಲ್ಲಿನ ಡಾಕ್ಟರಾದರೂ ಹೇಳಿಯಾನು. ಆ ಡಾಕ್ಟರಿಗೆ ಅಕ್ಕ ಇಲ್ಲದಿರಬಹುದು, ಅಷ್ಟೆ.

ಅಕ್ಕ ತಂದದ್ದು ಅಂಥಿಂಥ ಬೆಕ್ಕಲ್ಲ. ಜಾತಿ ಬೆಕ್ಕು, ಅಪ್ಪಟ ಪರ್ಷಿಯನ್. ಆರಿದ ಒಲೆಯ ಬೂದಿಯ ಬಣ್ಣ, ಕುತ್ತಿಗೆಯ ಸುತ್ತ ದಪ್ಪನೆಯ ಕೂದಲಿನ ಕಾಲರು, ಯಾರೋ ಬಾಗಿಲು ಹಾಕುವಾಗ ಸಿಕ್ಕಿಕೊಂಡಂತೆ ಚಪ್ಪಟೆಯಾದ ಮೂಗು. ಅಕ್ಕ ಅದಕ್ಕೆ ದೊರೆ ಎಂದು ಹೆಸರಿಟ್ಟಳು. ಅವಳ ಸಲೂನಿನ ಗಾಜಿನ ಕಿಟಕಿಯ ಹಿಂದೆ ಮಖಮಲ್ಲಿನ ದಿಂಬಿನ ಮೇಲೆ ಕೂತು, ದೊರೆ ಬೀದಿಯಲ್ಲಿ ಹೋಗುವವರನ್ನೆಲ್ಲ ತಾನು ಕೆಲಸದಿಂದ ಬಿಡಿಸಿದ ಆಳುಗಳೇನೋ ಎಂಬಂತೆ ನೋಡುತ್ತಿತ್ತು. ಜನ ನಿಲ್ಲುತ್ತಿದ್ದರು. ನಿಂತವರಲ್ಲಿ ಅರ್ಧದಷ್ಟು ಮಂದಿ ಒಳಗೂ ಬರುತ್ತಿದ್ದರು. ಬಂದವರು ಹೇಗೂ ಬಂದದ್ದಾಯಿತಲ್ಲ ಎಂದು ಕೂದಲು ಕತ್ತರಿಸಿಕೊಂಡು ಹೋಗುತ್ತಿದ್ದರು. ಅಕ್ಕನ ಕೈಗೆ ಬಂದದ್ದು ಯಾವತ್ತೂ ಹೀಗೆಯೇ. ಬೆಕ್ಕು ಕೂಡ ದುಡಿಯುತ್ತದೆ.

ಪುಟ್ಟಿಗೆ ಈಗ ನಲವತ್ತೆರಡು. ಕಿವಿಯ ಹತ್ತಿರ ಬೆಳ್ಳಗಾಗಿದೆ, ಓದಲು ಕನ್ನಡಕ ಬೇಕು. ಆದರೂ ಮನೆಯವರಿಗೆ, ಬೀದಿಯವರಿಗೆ, ಹಾಲು ಹಾಕುವವನಿಗೆ ಕೂಡ ಅವಳು ಪುಟ್ಟಿಯೇ. ದೊಡ್ಡವಳು ಪಕ್ಕದಲ್ಲೇ ಇರುವವರೆಗೆ ಚಿಕ್ಕವಳಿಗೆ ಬಡ್ತಿ ಇಲ್ಲ. ಅವಳ ಬಾಲ್ಯವೆಲ್ಲ ಅಕ್ಕನ ಫ್ರಾಕುಗಳಲ್ಲಿ ಕಳೆದಿತ್ತು. ಅಕ್ಕನ ಸ್ವೆಟರು, ಅಕ್ಕನ ಶೂ, ಮೊನೆ ಮುರಿದ ಕೈವಾರವಿದ್ದ ಅಕ್ಕನ ಜಾಮಿಟ್ರಿ ಬಾಕ್ಸು. ಹೊಸ ಫ್ರಾಕು ತೊಟ್ಟು ಕನ್ನಡಿಯ ಮುಂದೆ ತಿರುಗುತ್ತಿದ್ದ ಅಕ್ಕನನ್ನು ಅವಳು ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಅಕ್ಕ ಕನ್ನಡಿಯಿಂದ ಕಣ್ಣು ತೆಗೆಯದೆ, "ನನಗೆ ಬಿಗಿಯಾಗ್ಲಿ, ಆಮೇಲೆ ನಿನಗೆ," ಎನ್ನುತ್ತಿದ್ದಳು. ಕೊಂಕಿನಿಂದ ಹೇಳಿದ್ದರೆ ಜಗಳವನ್ನಾದರೂ ಆಡಬಹುದಿತ್ತು. ಅಕ್ಕ ಪ್ರೀತಿಯಿಂದಲೇ ಹೇಳುತ್ತಿದ್ದಳು.

ದೊಡ್ಡವರಾದ ಮೇಲೂ ಲೆಕ್ಕ ಬದಲಾಗಲಿಲ್ಲ. ಅಕ್ಕನದು ಮುಖ್ಯರಸ್ತೆಯಲ್ಲಿ ಸಲೂನು. ಬಾಗಿಲು ತೆಗೆದರೆ ಶಾಂಪೂ ವಾಸನೆ, ಮೇಲಕ್ಕೂ ಕೆಳಕ್ಕೂ ಹೋಗುವ ಕುರ್ಚಿಗಳು. ಪುಟ್ಟಿಯದು ಅದರ ಬೆನ್ನಿಗಿರುವ ಸಂದಿಯಲ್ಲಿ ಮಹಡಿಯ ಮೇಲಿನ ಒಂದೇ ಕೋಣೆ. ಅಲ್ಲಿ ಅವಳು ವಿಗ್ ಮಾಡುತ್ತಾಳೆ. ಕಾಯಿಲೆಯಲ್ಲಿ ಕೂದಲು ಕಳೆದುಕೊಂಡವರು ಬರುತ್ತಾರೆ, ನಾಟಕದವರು ಬರುತ್ತಾರೆ, ಹೊಸದಾಗಿ ಮದುವೆಯಾಗಲಿರುವ ಬೋಳುತಲೆಯವರು ಹಿಂದಿನ ಮೆಟ್ಟಿಲಿನಿಂದ ಬರುತ್ತಾರೆ. ಗೋಡೆಯುದ್ದಕ್ಕೂ ಮರದ ತಲೆಗಳು ಸಾಲಾಗಿ ಕೂತಿವೆ. ಅಕ್ಕನ ಸಲೂನಿನಲ್ಲಿ ಕತ್ತರಿಸಿದ ಉದ್ದ ಕೂದಲು ವಾರಕ್ಕೊಮ್ಮೆ ಬಟ್ಟೆಚೀಲದಲ್ಲಿ ಇಲ್ಲಿಗೆ ಬರುತ್ತದೆ. ಪುಟ್ಟಿಯೇ ಹೋಗಿ ತರುತ್ತಾಳೆ. ತೊಳೆದು, ಒಣಗಿಸಿ, ಮೊಳೆಗಳ ಹಲಗೆಯಲ್ಲಿ ಬಾಚಿ, ಉದ್ದದ್ದು ಗಿಡ್ಡದ್ದು ಬೇರೆ ಮಾಡಿ, ಬುಡವೆಲ್ಲ ಒಂದು ಕಡೆ ತುದಿಯೆಲ್ಲ ಇನ್ನೊಂದು ಕಡೆ ಬರುವಂತೆ ಜೋಡಿಸಿ, ಕೊಕ್ಕೆಸೂಜಿಯಿಂದ ಎಳೆಎಳೆಯಾಗಿ ಬಲೆಗೆ ಗಂಟು ಹಾಕುತ್ತಾಳೆ. ಆ ಕೂದಲು ಯಾರ ತಲೆಯದು ಎಂದು ಕೇಳುವುದಿಲ್ಲ. ಅದು ಈ ಕಸುಬಿನ ಮೊದಲ ಪಾಠ. ಯಾರದ್ದು, ಯಾಕೆ ಕತ್ತರಿಸಿಕೊಂಡಳು, ಅಳುತ್ತಿದ್ದಳೋ ನಗುತ್ತಿದ್ದಳೋ ಎಂದು ಯೋಚಿಸುತ್ತ ಕೂತರೆ ಕೈ ಓಡುವುದಿಲ್ಲ. ಮೇಜಿಗೆ ಬಂದ ಮೇಲೆ ಕೂದಲು ಬರೀ ಕೂದಲು.

ಹೀಗೆ ಫ್ರಾಕಿನಿಂದ ಹಿಡಿದು ಕೂದಲಿನವರೆಗೆ ಪುಟ್ಟಿಯ ಕೈಗೆ ಬಂದದ್ದೆಲ್ಲ ಅಕ್ಕ ಬಿಟ್ಟದ್ದೇ. ಒಂದನ್ನು ಬಿಟ್ಟು. ಎರಡು ವರ್ಷದ ಹಿಂದೆ ತಗಡಿನ ಚಾವಣಿಯ ಮೇಲೆ ನಡೆದು ಬಂದು, ಕಿಟಕಿಯಿಂದ ಒಳಗೆ ಹಾರಿ, ಬಲೆಯ ಚೂರುಪಾರು ಹಾಕುವ ಬುಟ್ಟಿಯಲ್ಲಿ ಮಲಗಿ, ಇನ್ನು ಎದ್ದು ಹೋಗುವುದೇ ಇಲ್ಲ ಎಂದು ನಿಂತವಳು ಚಿಂದಿ. ಬಿಳಿ ಮೈ, ಅದರ ಮೇಲೆ ಮಸಿ ಕೈ ಒರೆಸಿದಂಥ ಮಚ್ಚೆಗಳು, ಒಂದು ಕಿವಿಯ ತುದಿ ಹರಿದಿದೆ. ಅವಳನ್ನು ಯಾರೂ ಕೊಡಲಿಲ್ಲ. ಯಾರಿಗೂ ಬಿಗಿಯಾಗಿರಲಿಲ್ಲ. ಅವಳು ನೇರವಾಗಿ ಪುಟ್ಟಿಯ ಬಳಿಗೇ ಬಂದಿದ್ದಳು.

ದೊರೆ ಬಂದ ಕೆಲವು ದಿನಗಳಿಗೆ ಅಕ್ಕ ಯಾವುದೋ ಗಿರಾಕಿಯ ಅಳತೆ ಹೇಳಲು ಮಹಡಿ ಹತ್ತಿ ಬಂದಳು. ಬುಟ್ಟಿಯಲ್ಲಿದ್ದ ಚಿಂದಿಯನ್ನು ಈಗಷ್ಟೇ ಬೆಕ್ಕುಗಳ ವಿಷಯ ತಿಳಿದುಕೊಂಡವಳ ಠೀವಿಯಿಂದ ನೋಡಿದಳು.

"ಬೆರಕೆ," ಎಂದಳು. ಆಮೇಲೆ ಬಗ್ಗಿ, "ಆದ್ರೂ ಬಾಲ ನೋಡೆ. ಬಾಲ ಮಾತ್ರ ಎಲ್ಲೋ ಒಳ್ಳೆ ಮನೆಯಿಂದ ಬಂದಿದೆ," ಎಂದಳು.

ಅಕ್ಕ ಅಳತೆ ಹೇಳಿ ಹೋದಳು. ಬಾಲದ ಮಾತು ಹೋಗಲಿಲ್ಲ. ಪುಟ್ಟಿ ಅದುವರೆಗೆ ಆ ಬಾಲವನ್ನು ಬಾಲವೆಂದಷ್ಟೇ ತಿಳಿದಿದ್ದಳು. ಈಗ ನೋಡಿದರೆ, ಹೌದು, ಅದು ಮಿಕ್ಕ ಮೈಗೆ ಸೇರಿದ್ದೇ ಅಲ್ಲ. ಬಾಟಲಿ ತೊಳೆಯುವ ಬ್ರಷ್ಷಿನಂತೆ ತುಂಬಿಕೊಂಡಿದೆ. ಬೆಕ್ಕು ನಡೆಯುವಾಗ ಅದೊಂದೇ ಮೆರವಣಿಗೆ ಹೊರಟಂತಿರುತ್ತದೆ.

ಪುಟ್ಟಿಯ ಗಂಡ ಲಿಫ್ಟ್ ರಿಪೇರಿಯವನು. ಊಟ ಮಾಡುವಾಗ ಅವಳು ವಿಷಯ ತೆಗೆದಳು.

"ರೀ, ಇವಳ ಬಾಲ ನೋಡಿದ್ರಾ?"

"ನೋಡಿದೆ. ಹಿಂದುಗಡೆ ಇದೆ."

"ತಮಾಷೆ ಬೇಡ. ಬೀದಿ ಬೆಕ್ಕಿಗೆ ಇಂಥ ಬಾಲ ಇರುತ್ತಾ? ಇವಳ ಅಜ್ಜನೋ ಮುತ್ತಜ್ಜಿಯೋ ಜಾತಿ ಬೆಕ್ಕಾಗಿದ್ರೆ?"

"ಆಗಿದ್ರೆ ಏನು ಮಾಡಬೇಕು? ಇವತ್ತಿಂದ ಅವಳನ್ನ 'ತಾವು' ಅಂತ ಕರೀಬೇಕಾ?"

"ಅಕ್ಕ ಬೆರಕೆ ಅಂದ್ಲು."

"ಹಾಗೆ ಹೇಳು ಮತ್ತೆ," ಅವನು ತಟ್ಟೆ ಎತ್ತಿಕೊಂಡು ಎದ್ದ. "ನಾನು ಇಷ್ಟು ಹೊತ್ತು ಬೆಕ್ಕಿನ ವಿಷಯ ಅಂದ್ಕೊಂಡಿದ್ದೆ. ನಿನ್ನ ಹೊಟ್ಟೆ ಉರೀತಿರೋ ಉರಿಗೆ ನಾಲ್ಕು ಮನೆಗೆ ನೀರು ಕಾಯಿಸಬಹುದು, ಪುಟ್ಟಿ."

ಪುಟ್ಟಿ ತನ್ನ ತಟ್ಟೆಯ ಅನ್ನ ಕಲೆಸಿದಳು. ಉರಿ ಇದ್ದದ್ದು ನಿಜ. ಅದು ಹೊಸದೂ ಅಲ್ಲ. ಗ್ಯಾಸ್ ಗೀಸರಿನೊಳಗೆ ಆರದೆ ಉರಿಯುವ ಪೈಲಟ್ ದೀಪದಂತೆ ಸಣ್ಣಗೆ, ಸದಾ. ದೊರೆ ಬಂದು ತಿರುಪನ್ನು ಕೊಂಚ ತಿರುಗಿಸಿತ್ತು, ಅಷ್ಟೆ.

ಚಿಂದಿಯನ್ನು ಬುಟ್ಟಿಯಲ್ಲಿ ಹಾಕಿಕೊಂಡು ನಾಯಿ ಬೆಕ್ಕಿನ ಡಾಕ್ಟರ್ ಬಳಿಗೆ ಹೋದಳು. ಡಾಕ್ಟರು ದಪ್ಪ ಕೈಗಳ, ನಿದ್ದೆಗಣ್ಣಿನ ಹೆಂಗಸು. ಚಿಂದಿಯ ಬಾಯಿ ತೆರೆದು ನೋಡಿದರು, ಕಿವಿ ನೋಡಿದರು, ಹೊಟ್ಟೆ ಒತ್ತಿದರು.

"ಚೆನ್ನಾಗಿದ್ದಾಳೆ. ಏನಾಗಿದೆ ಅಂತ ಕರ್ಕೊಂಡು ಬಂದ್ರಿ?"

"ಏನೂ ಆಗಿಲ್ಲ ಡಾಕ್ಟ್ರೇ. ಇವಳು ಯಾವ ತಳಿ ಅಂತ ಗೊತ್ತಾಗಬೇಕಿತ್ತು."

"ಬೆಕ್ಕು."

"ಅಲ್ಲ, ಇವಳ ಹಿಂದಿನೋರಲ್ಲಿ ಯಾರಾದ್ರೂ ಜಾತಿ ಬೆಕ್ಕು ಇದ್ದಿರಬಹುದಾ? ಬಾಲ ನೋಡಿ."

ಡಾಕ್ಟರು ಬಾಲವನ್ನು ಕೈಯಲ್ಲಿ ಹಿಡಿದು ತೂಗಿ ನೋಡುವವರಂತೆ ನೋಡಿದರು. "ಇದ್ದಿರಬಹುದು. ಇಲ್ದೇನೂ ಇರಬಹುದು. ಉದ್ದ ಕೂದಲು ಬೀದಿ ಬೆಕ್ಕಲ್ಲೂ ನಾಲ್ಕಾರು ತಲೆಮಾರು ಸುಮ್ನೆ ಅಡಗಿ ಕೂತಿದ್ದು ಒಂದು ದಿನ ಹೊರಗೆ ಬರುತ್ತೆ. ಬಾಲ ಹಿಡ್ಕೊಂಡು ವಂಶ ಹೇಳೋಕಾಗಲ್ಲ. ಇವಳ ಅಜ್ಜ ಯಾರು ಅಂತ ಅಜ್ಜಿಗೊಬ್ಬಳಿಗೇ ಗೊತ್ತು, ಅವಳೂ ಆವತ್ತು ಸರಿಯಾಗಿ ಮುಖ ನೋಡಿರಲ್ಲ." ಚಿಂದಿಯನ್ನು ಬುಟ್ಟಿಗೆ ಇಳಿಸಿದರು. "ಯಾಕೆ, ಮಾರ್ತೀರಾ?"

"ಇಲ್ಲ."

"ಮತ್ಯಾಕೆ ಬೇಕು?"

ಯಾಕೆಂದು ಹೇಳಲು ಪುಟ್ಟಿ ತನ್ನ ಐದನೇ ವರ್ಷದಿಂದ ಶುರುಮಾಡಬೇಕಾಗಿತ್ತು. ಹೊರಗೆ ಇನ್ನೂ ಮೂರು ನಾಯಿಗಳು ಸರದಿಯಲ್ಲಿದ್ದವು. "ಸುಮ್ನೆ," ಎಂದು ಎದ್ದುಬಂದಳು.

ಡಾಕ್ಟರಿಗೆ ತಿಳಿಯದಿದ್ದರೆ ಬೇಡ. ಕೂದಲಿನ ವಿಷಯದಲ್ಲಿ ಪುಟ್ಟಿ ಯಾರ ಮುಂದೆಯೂ ಕೈಕಟ್ಟಿ ನಿಲ್ಲಬೇಕಾಗಿಲ್ಲ. ಮರುದಿನ ಸಂಜೆ ಸಣ್ಣ ಹಲ್ಲಿನ ಬಾಚಣಿಗೆ ತೆಗೆದುಕೊಂಡು ಚಿಂದಿಯನ್ನು ಕತ್ತಿನಿಂದ ಬಾಲದವರೆಗೆ ಬಾಚಿದಳು. ಬಂದ ಕೂದಲನ್ನು ಕಪ್ಪು ಬಟ್ಟೆಯ ಮೇಲೆ ಹರಡಿ, ಮನುಷ್ಯರ ಕೂದಲನ್ನು ಬೇರ್ಪಡಿಸುವಂತೆಯೇ ಬೇರ್ಪಡಿಸಿದಳು. ಗಿಡ್ಡ, ಒರಟು, ಬಿಳಿ: ಅದು ಒಂದು ಕಡೆ. ಮಸಿ ಬಣ್ಣದ ಒರಟು: ಅದು ಇನ್ನೊಂದು ಕಡೆ. ಆಮೇಲೆ ಅವಳ ಕೈ ನಿಂತಿತು. ಎಡಪಕ್ಕೆಯಿಂದ ಬಂದ ಗುಂಜಿನಲ್ಲಿ ಉದ್ದನೆಯ, ರೇಷ್ಮೆಯಂಥ ಬೂದಿ ಬಣ್ಣದ ಎಳೆಗಳಿದ್ದವು. ಒಂದಲ್ಲ ಎರಡಲ್ಲ, ಒಂದು ಹಿಡಿಯಾಗುವಷ್ಟು.

ಕಸುಬಿನ ಅಭ್ಯಾಸವೆಂದರೆ ಹೀಗೆ: ಗಿಡ್ಡದ್ದನ್ನು ಅವಳು ಗುಡಿಸಿ ಬುಟ್ಟಿಗೆ ಹಾಕಿದಳು, ಉದ್ದದ್ದನ್ನು ಇಟ್ಟುಕೊಂಡಳು.

ಚೀಲ ತರುವ ದಿನ ಸಲೂನಿಗೆ ಹೋದಾಗ ಅಕ್ಕನ ಕಪ್ಪು ಅಂಗಿಯ ಭುಜದ ಮೇಲೆ ದೊರೆಯ ಕೂದಲು ಅಂಟಿಕೊಂಡಿತ್ತು. "ಎಷ್ಟು ಕೂದಲು ನೋಡು ಅಕ್ಕಾ, ಗಿರಾಕಿಗಳು ಏನಂದ್ಕೊಂಡಾರು," ಎನ್ನುತ್ತ ಪುಟ್ಟಿ ನಾಲ್ಕೆಳೆ ಕಿತ್ತು ಕರವಸ್ತ್ರದಲ್ಲಿ ಸುತ್ತಿಕೊಂಡಳು. ಅಕ್ಕ, "ಇವತ್ತೇನು ಇಷ್ಟು ಪ್ರೀತಿ," ಎಂದಳು.

ಮೇಜಿನ ದೀಪದ ಕೆಳಗೆ, ಭೂತಕನ್ನಡಿಯಲ್ಲಿ, ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದಳು. ಅದೇ ಬಣ್ಣ. ಬುಡದಲ್ಲಿ ಅದೇ ತಿಳಿ ಬಿಳುಪು. ಬೆರಳಿನ ನಡುವೆ ಹೊಸೆದರೆ ಅದೇ ಜಾರು. ಎರಡನ್ನೂ ಕಲೆಸಿ, ಕಣ್ಣು ಮುಚ್ಚಿ ಎತ್ತಿದರೆ, ಇದು ಯಾವುದು ಅದು ಯಾವುದು ಎಂದು ಅವಳಿಗೇ ಹೇಳಲಾಗಲಿಲ್ಲ. ಕೂದಲಿನ ವಿಷಯದಲ್ಲಿ ಅವಳಿಗೆ ಹೇಳಲಾಗದ್ದನ್ನು ಇನ್ಯಾರು ಹೇಳಿಯಾರು?

ಪುಟ್ಟಿ ಕುರ್ಚಿಗೆ ಒರಗಿ ಕೂತಳು. ಹಲ್ಲುನೋವು ಹೋಗಿತ್ತು. ಚಿಂದಿಯನ್ನು ಎತ್ತಿ ಮರದ ತಲೆಗಳಿಗೆಲ್ಲ ತೋರಿಸಿದಳು. "ನೋಡ್ಕೊಳ್ರೋ. ಯಾರನ್ನ ಬೆರಕೆ ಅಂದದ್ದು?"

ಈ ಸುದ್ದಿಯನ್ನು ಹೇಳಲು ಮುಂದಿನ ಚೀಲದ ದಿನದವರೆಗೆ ಕಾಯುವುದು ಸುಲಭವಾಗಿರಲಿಲ್ಲ. ಕಾದಳು. ಸಲೂನು ತುಂಬಿರುವ ಹೊತ್ತನ್ನೇ ಆರಿಸಿಕೊಂಡಳು. ಒಬ್ಬಳ ತಲೆಗೆ ಬಣ್ಣ ಹಚ್ಚಿ ಪ್ಲಾಸ್ಟಿಕ್ ಟೋಪಿ ಹಾಕಿತ್ತು. ಇನ್ನೊಬ್ಬಳ ಮುಂಗೂದಲು ಅಕ್ಕನ ಕತ್ತರಿಯಲ್ಲಿತ್ತು. ದೊರೆ ದಿಂಬಿನ ಮೇಲಿತ್ತು.

"ಅಕ್ಕಾ, ನೀನು ಹೇಳಿದ್ದು ಸರಿ. ಚಿಂದಿದು ಒಳ್ಳೆ ಮನೆತನವೇ," ಎಂದಳು, ಆದಷ್ಟು ಸಾಧಾರಣ ದನಿಯಲ್ಲಿ. "ಬಾಚಿ ನೋಡಿದೆ. ನಿಮ್ಮ ದೊರೆಗೂ ಅವಳಿಗೂ ಕೂದಲು ಒಂದೇ. ಎಳೆಗೆ ಎಳೆ ಇಟ್ಟು ನೋಡಿದೀನಿ. ಎಲ್ಲೋ ಹಿಂದೆ ಒಂದೇ ರಕ್ತ ಇರಬೇಕು."

ಟೋಪಿಯವಳು, "ಹಾಗಾದ್ರೆ ಬೀಗರಾದ್ರಿ," ಎಂದು ನಕ್ಕಳು.

ಅಕ್ಕ ನಗುತ್ತಾಳೆ, ಗೇಲಿ ಮಾಡುತ್ತಾಳೆ ಎಂದು ಪುಟ್ಟಿ ಎಣಿಸಿದ್ದಳು. ಅದಕ್ಕೆಲ್ಲ ಉತ್ತರಗಳನ್ನು ಸಿದ್ಧಮಾಡಿಕೊಂಡೇ ಬಂದಿದ್ದಳು. ಅಕ್ಕ ನಗಲಿಲ್ಲ. ಕತ್ತರಿ ಗಾಳಿಯಲ್ಲೇ ನಿಂತಿತು.

"ಎಡಪಕ್ಕೆದಾ?" ಎಂದು ಕೇಳಿದಳು.

"ಹೂಂ. ಎಡಪಕ್ಕೆಲೇ ಜಾಸ್ತಿ."

"ಸರಿ," ಎಂದು ಅಕ್ಕ ಮುಂಗೂದಲಿನ ಕಡೆ ತಿರುಗಿದಳು. "ಚೀಲ ಆ ಬಾಗಿಲ ಹಿಂದೆ ಇದೆ. ತಗೊಂಡು ಹೋಗು."

ಅಕ್ಕನ ಮುಖ ಸಪ್ಪಗಾಗಿತ್ತು. ಪುಟ್ಟಿ ಅದನ್ನು ಕಣ್ಣಾರೆ ಕಂಡಳು. ನಲವತ್ತೆರಡು ವರ್ಷದಲ್ಲಿ ಮೊದಲ ಸಲ. ಚೀಲ ಹೊತ್ತು ಸಂದಿಯಲ್ಲಿ ಬರುವಾಗ ಅವಳ ಕಾಲು ನೆಲದ ಮೇಲಿರಲಿಲ್ಲ. ಮೆಟ್ಟಿಲು ಹತ್ತುವಾಗ, ಅರ್ಧದಲ್ಲಿ, ನಿಂತಳು.

ಎಡಪಕ್ಕೆ ಎಂದು ಅಕ್ಕನಿಗೆ ಹೇಗೆ ಗೊತ್ತು?

ಚೀಲವನ್ನು ಬಾಗಿಲಲ್ಲೇ ಬಿಟ್ಟು ಚಿಂದಿಯನ್ನು ಮಡಿಲಿಗೆ ಎಳೆದುಕೊಂಡಳು. ಎಡಪಕ್ಕೆಯ ಕೂದಲನ್ನು ಬೈತಲೆ ತೆಗೆದಂತೆ ಬಿಡಿಸಿ ನೋಡಿದಳು. ಗುಲಾಬಿ ಚರ್ಮದಿಂದ ಹೊರಟದ್ದೆಲ್ಲ ಗಿಡ್ಡ, ಒರಟು, ಬಿಳಿ. ಉದ್ದನೆಯ ಬೂದಿ ಎಳೆಗಳು ಇದ್ದವು, ಆದರೆ ಮೇಲೆ ಮೇಲೆ, ತೇಲುತ್ತ. ಒಂದನ್ನು ಹಿಡಿದು ಎಳೆದಳು. ಚರ್ಮ ಜಗ್ಗಲೇ ಇಲ್ಲ, ಎಳೆ ಸುಮ್ಮನೆ ಬಂತು. ಇನ್ನೊಂದು. ಅದೂ. ಚಿಂದಿ ಕಿವಿ ಕೂಡ ಅಲುಗಿಸಲಿಲ್ಲ. ತನ್ನದಲ್ಲದ ಕೂದಲು ಕಿತ್ತರೆ ಯಾರಿಗೆ ನೋವಾಗುತ್ತದೆ?

ಇಡೀ ಜನ್ಮ ಕತ್ತರಿಸಿ ಬಂದ ಕೂದಲನ್ನೇ ನೋಡಿದವಳು ಅವಳು. ಮೇಜಿಗೆ ಬಂದದ್ದನ್ನು ಯಾರದ್ದೆಂದು ಕೇಳದವಳು. ಬೆಕ್ಕನ್ನೂ ಹಾಗೆಯೇ ಬಾಚಿ, ಬಂದದ್ದನ್ನು ಬೆಕ್ಕಿನದೇ ಎಂದು ನಂಬಿದ್ದಳು. ಅದು ದೊರೆಯ ಕೂದಲಾಗಿತ್ತು. ಚಿಂದಿ ಎಲ್ಲಿಂದಲೋ ಎಡಪಕ್ಕೆಗೆ ಅಂಟಿಸಿಕೊಂಡು ಬಂದದ್ದು. ಎಲ್ಲಿಂದ ಎಂದು ಕೇಳುವ ಅಗತ್ಯವೂ ಇರಲಿಲ್ಲ.

ಸಲೂನಿಗೆ ಊಟದ ನಂತರ ಒಂದು ಗಂಟೆ ಬಿಡುವು. ಅಕ್ಕ ಶಟರನ್ನು ಅರ್ಧ ಎಳೆದು, ಹಿಂದಿನ ಕೋಣೆಯಲ್ಲಿ ಕಾಲು ಚಾಚುತ್ತಾಳೆ. ಚಿಂದಿ ಕೂಡ ಆ ಹೊತ್ತಿಗೇ ಕಿಟಕಿಯಿಂದ ಇಳಿದು ತಗಡಿನ ಮೇಲೆ ಅಡ್ಡಾಡಲು ಹೋಗುತ್ತಾಳೆ. ಬಿಸಿಲು ಕಾಯಲು ಎಂದು ಪುಟ್ಟಿ ತಿಳಿದಿದ್ದಳು.

ಮರುದಿನ ಚಿಂದಿ ಕಿಟಕಿ ಇಳಿದ ಮೇಲೆ ಅವಳು ಸೂಜಿಯನ್ನು ದಿಂಬಿಗೆ ಚುಚ್ಚಿ, ಮೆಟ್ಟಿಲು ಇಳಿದು, ಸಂದಿಯಿಂದ ಸಲೂನಿನ ಹಿಂಬಾಗಿಲಿಗೆ ಹೋದಳು. ಬಾಗಿಲು ತೆರೆದೇ ಇತ್ತು, ಬೆಕ್ಕು ನುಗ್ಗುವಷ್ಟು. ಟವೆಲ್ ಒಣಹಾಕುವ ಆ ಸಣ್ಣ ಕೋಣೆಯಲ್ಲಿ, ಉದ್ದ ಬೆಂಚಿನ ಮೇಲೆ, ಅಕ್ಕ ಗೋಡೆಗೆ ತಲೆಯಿಟ್ಟು ಒರಗಿದ್ದಳು. ಚಪ್ಪಲಿ ಬಿಚ್ಚಿ ಬಿದ್ದಿತ್ತು, ನಿಂತು ನಿಂತು ಊದಿದ ಪಾದಗಳು ಕಾಣುತ್ತಿದ್ದವು. ಅವಳ ಮಡಿಲಲ್ಲಿ ಚಿಂದಿ. ಮಡಿಲ ಮೇಲೆ ಹರಡಿದ್ದ ದೊರೆಯ ಹಳೆಯ ಹಾಸಿಗೆ, ಅದಕ್ಕಂಟಿದ ಬೂದಿ ಕೂದಲಿಗೆ, ಎಡಪಕ್ಕೆ ಒತ್ತಿಕೊಂಡು ಮಲಗಿದ್ದಳು. ದೊರೆ ದೂರದ ಕಪಾಟಿನ ಮೇಲೆ ಗೋಡೆಗೆ ಮುಖ ಮಾಡಿ ಕೂತಿತ್ತು.

ಅಕ್ಕ ಮಾತಾಡುತ್ತಿದ್ದಳು. ಬೆಳಿಗ್ಗೆ ಬಂದ ಗಿರಾಕಿಯೊಬ್ಬಳ ದೂರು, ಕೈ ಬೆರಳಿನ ನೋವು, ಕಿವಿ ಹತ್ತಿರ ಹೊಸದಾಗಿ ಬೆಳ್ಳಗಾದ ಕೂದಲು. ಪುಟ್ಟಿ ಇದೊಂದನ್ನೂ ಕೇಳಿರಲಿಲ್ಲ. ಅಕ್ಕನ ಬೆರಳಿಗೆ ನೋವಿದೆ ಎಂದೇ ಅವಳಿಗೆ ಗೊತ್ತಿರಲಿಲ್ಲ. ಅಕ್ಕ ಚಿಂದಿಯ ಹರಿದ ಕಿವಿಯನ್ನು ಸವರಿ, "ಅಲ್ವೇನೆ ಪುಟ್ಟಿ?" ಎಂದಳು. "ನೀನಾದ್ರೂ ಬರ್ತೀಯಲ್ಲ, ಪುಟ್ಟಿ."

ಪುಟ್ಟಿಯ ಮೈಯೆಲ್ಲ ಬಿಸಿಯಾಯಿತು. ತನ್ನ ಬೆಕ್ಕನ್ನು ಅಕ್ಕ ಕದ್ದಳು ಎಂಬ ಸಿಟ್ಟು ಇತ್ತು. ಅದು ಹಳೆಯ ಪರಿಚಯದ ಉರಿ, ಅದಕ್ಕೆ ಎಲ್ಲಿ ಕೂರಬೇಕೆಂದು ಗೊತ್ತು. ಆದರೆ ಅದರ ಮೇಲೆ ಇನ್ನೊಂದು ಬಂದು ಕೂತಿತು. ಬೆಕ್ಕಿನ ಮೇಲೆಯೇ ಹೊಟ್ಟೆಕಿಚ್ಚು. ಆ ದನಿಯಲ್ಲಿ ಅಕ್ಕ ಅವಳನ್ನು ಕರೆದು ಎಷ್ಟು ಕಾಲವಾಗಿತ್ತೋ. ಬಹುಶಃ ಆ ಹೆಸರು ನಿಜಕ್ಕೂ ಅವಳ ಅಳತೆಯದಾಗಿದ್ದ ಕಾಲದಲ್ಲಿ.

ಬಾಗಿಲು ತಳ್ಳಿದಳು. ಅಕ್ಕ ಬೆಚ್ಚಿ ಎದ್ದು ಕೂರಲು ಹೋದಳು. ಚಿಂದಿ ಏಳಲಿಲ್ಲವಾದ್ದರಿಂದ ಅವಳಿಗೂ ಏಳಲಾಗಲಿಲ್ಲ.

"ಎಷ್ಟು ದಿನದಿಂದ?" ಎಂದಳು ಪುಟ್ಟಿ.

"ದೊರೆ ಬಂದ ಮೇಲಿಂದ. ಅವನನ್ನ ನೋಡೋಕೆ ಬಂದಿದ್ದು ಮೊದಲು. ಅವನು ತಿರುಗಿ ಕೂಡ ನೋಡಲಿಲ್ಲ. ಆಮೇಲೆ ನನ್ನ ಹತ್ರ ಬಂದ್ಲು."

"ನನಗೆ ಯಾಕೆ ಹೇಳಲಿಲ್ಲ?"

"ಹೇಳಿದ್ರೆ ನೀನು ಕಿಟಕಿ ಹಾಕ್ಬಿಡ್ತಿದ್ದೆ."

ಅದು ನಿಜವಾದ್ದರಿಂದ ಪುಟ್ಟಿ ಬೇರೆ ದಾರಿ ಹಿಡಿದಳು. "ನಿನಗೆ ನಿನ್ನದು ಇದೆಯಲ್ಲ. ಅಪ್ಪಟದ್ದು."

ಅಕ್ಕ ಕಪಾಟಿನ ಕಡೆ ನೋಡಿದಳು. "ಅವನು ಯಾರ ಮಡಿಲಿಗೂ ಬರಲ್ಲ ಕಣೆ. ಎತ್ಕೊಂಡ್ರೆ ಮೈ ಮರಗಟ್ಟಿಸ್ಕೋತಾನೆ. ಬಾಚೋಕೆ ಬಿಡ್ತಾನೆ, ಫೋಟೋಗೆ ಕೂರ್ತಾನೆ, ಅಷ್ಟೆ. ಜನ ಗಾಜಿಂದ ಆಚೆ ನಿಂತು ನನಗೆ ಅದೃಷ್ಟ ಅಂತಾರೆ. ನೀನೂ ಅಂದ್ಕೊಂಡೆ. ನಿನ್ನ ಮುಖ ನೋಡಿದ್ದೆ ನಾನು ಆವತ್ತು, ಹಲ್ಲು ಹಿಡ್ಕೊಂಡು ನಿಂತಿದ್ಯಲ್ಲ."

"ಹಲ್ಲು ನೋಯ್ತಾ ಇತ್ತು."

"ಗೊತ್ತು." ಅಕ್ಕ ಚಿಂದಿಯ ಬೆನ್ನು ಸವರಿದಳು. ಆಮೇಲೆ, ಅಂಗಡಿಯವಳಾದ್ದರಿಂದ, ನೇರ ವಿಷಯಕ್ಕೆ ಬಂದಳು. "ದೊರೆನ ನೀನೇ ತಗೋ. ದಿಂಬಿನ ಸಮೇತ ತಗೋ. ಇವಳನ್ನ ನನಗೆ ಬಿಡು."

ಕಪಾಟಿನ ಮೇಲೆ ದೊರೆ ಒಂದು ಕಿವಿ ತಿರುಗಿಸಿತು. ಪುಟ್ಟಿ ಅದನ್ನು ನೋಡಿದಳು. ಆ ಕಾಲರು, ಆ ತುಪ್ಪಳ, ಸಂದಿಯ ಕಿಟಕಿಯಲ್ಲಿ ಕೂತರೆ ಬೀದಿಯೇ ತಿರುಗಿ ನೋಡಬಹುದಾದ ಆ ಚಪ್ಪಟೆ ಮೂಗು. ಅಕ್ಕನಿಗೆ ಹಳೆಯದಾಗದ, ಬಿಗಿಯಾಗದ, ಇನ್ನೂ ಹೊಸದಾಗಿಯೇ ಇರುವ ವಸ್ತು ಅವಳ ಕೈಗೆ ಬರಲು ಸಿದ್ಧವಾಗಿತ್ತು. ಆಮೇಲೆ ಚಿಂದಿಯನ್ನು ನೋಡಿದಳು. ಚಿಂದಿಗೆ ಈ ವ್ಯವಹಾರದಲ್ಲಿ ಆಸಕ್ತಿ ಇರಲಿಲ್ಲ. ಬಾಲ ಮಾತ್ರ ಬೆಂಚಿನ ಅಂಚಿನಿಂದ ಇಳಿಬಿದ್ದು ಆಗೊಮ್ಮೆ ಈಗೊಮ್ಮೆ ಅಲುಗುತ್ತಿತ್ತು.

ಪುಟ್ಟಿಯ ಬಾಯಿಂದ ಮಾತು ತಾನಾಗಿ ಬಂತು, ಅಷ್ಟು ವರ್ಷ ಅಲ್ಲೇ ಮಡಿಸಿಟ್ಟಿದ್ದಂತೆ.

"ನನಗೆ ಬಿಗಿಯಾಗ್ಲಿ," ಎಂದಳು. "ಆಮೇಲೆ ನಿನಗೆ."

ಅಕ್ಕ ಅವಳ ಮುಖವನ್ನೇ ನೋಡಿದಳು. ಎಲ್ಲಿ ಕೇಳಿದ ಮಾತು ಇದು ಎಂದು ಹುಡುಕಿದಳು, ಸಿಕ್ಕಿತು, ಕಿವಿಯವರೆಗೂ ಕೆಂಪಾದಳು. ಪುಟ್ಟಿ ಮಡಿಲಿಂದ ಬೆಕ್ಕನ್ನು ಎತ್ತಿಕೊಂಡು ನಡೆದಳು.

ಕೋಣೆಗೆ ಬಂದು ಕಿಟಕಿ ಹಾಕಿ ಚಿಲಕ ಜಡಿದಳು. ಗೆದ್ದಿದ್ದಳು. ಗೆದ್ದ ಮೇಲೆ ಏನು ಮಾಡಬೇಕೆಂದು ಅಭ್ಯಾಸವಿರಲಿಲ್ಲವಾದ್ದರಿಂದ ಸೂಜಿ ತೆಗೆದುಕೊಂಡು ಗಂಟು ಹಾಕತೊಡಗಿದಳು.

ಮರುದಿನ ಊಟದ ನಂತರದ ಹೊತ್ತಿಗೆ ಚಿಂದಿ ಎದ್ದು, ಮೈ ಮುರಿದು, ಕಿಟಕಿಯ ಅಡಿಗೆ ಹೋಗಿ ಕೂತಳು. ಕೂಗಲಿಲ್ಲ, ಪರಚಲಿಲ್ಲ. ಪುಟ್ಟಿಗೆ ಬೆನ್ನು ಹಾಕಿ ಗಾಜನ್ನು ನೋಡುತ್ತ ಕೂತಳು. ಥೇಟು ಕಪಾಟಿನ ಮೇಲಿನ ದೊರೆಯಂತೆ. ಅದರ ಮರುದಿನವೂ ಹಾಗೆಯೇ. ಪುಟ್ಟಿ ಹಾಕಿದ ಗಂಟುಗಳೆಲ್ಲ ಸಡಿಲವಾಗಿ ಬಿಚ್ಚಿ ಮತ್ತೆ ಹಾಕಬೇಕಾಯಿತು. ಅಲ್ಲಿ ಬೆಂಚಿನ ಮೇಲೆ ಒಬ್ಬಳು ಊದಿದ ಕಾಲು ಚಾಚಿ, ಬಾಗಿಲನ್ನು ಬೆಕ್ಕು ನುಗ್ಗುವಷ್ಟು ತೆರೆದಿಟ್ಟುಕೊಂಡು ಕಾಯುತ್ತಿದ್ದಾಳೆ ಎಂದು ತಿಳಿದಿತ್ತು. ಕಾಯಲಿ ಎನಿಸಿತು. ಅಕ್ಕನೂ ಬೆಕ್ಕೂ ಕಾಯುತ್ತಿದ್ದದ್ದು ಒಬ್ಬರಿಗಾಗಿ ಒಬ್ಬರು, ತನಗಾಗಿ ಯಾರೂ ಅಲ್ಲ ಎಂದೂ ಅನಿಸಿತು. ಆ ಎರಡನೆಯದನ್ನು ತಡೆಯಲಾಗಲಿಲ್ಲ.

ಬಾಚಣಿಗೆ ತೆಗೆದುಕೊಂಡು ಚಿಂದಿಯನ್ನು ಮೊದಲಿಂದ ಕೊನೆಯವರೆಗೆ ಬಾಚಿದಳು. ಬಾಲವನ್ನು ಎರಡು ಸಲ. "ಹೋಗೋದಾದ್ರೆ ನೆಟ್ಟಗೆ ಹೋಗು," ಎಂದಳು. "ಬೆರಕೆ ಅನ್ನಿಸ್ಕೋಬೇಡ."

ಚಿಲಕ ತೆಗೆದಳು. ಚಿಂದಿ ತಗಡಿನ ಮೇಲೆ ಇಳಿದಳು. ಪುಟ್ಟಿ ಚಪ್ಪಲಿ ಮೆಟ್ಟಿ ಮೆಟ್ಟಿಲಿಂದ ಇಳಿದಳು. ಅಂದು ಚೀಲದ ದಿನವಲ್ಲ.

ಹಿಂಬಾಗಿಲು ಸೇರುವ ಹೊತ್ತಿಗೆ ಚಿಂದಿ ಅವಳಿಗಿಂತ ಮೊದಲೇ ಮಡಿಲೇರಿ ಕೂತಿದ್ದಳು. ಅಕ್ಕ ಬಾಗಿಲ ಕಡೆ ನೋಡಿ ಕಾಲು ಮಡಚಿಕೊಂಡಳು. ಬೆಂಚಿನ ಮೇಲೆ ಒಬ್ಬರು ಕೂರುವಷ್ಟು ಜಾಗವಾಯಿತು. ಪುಟ್ಟಿ ಕೂತಳು. ಕೂತು, ತನ್ನ ಬೆಕ್ಕು ಇನ್ನೊಬ್ಬಳ ಮಡಿಲಲ್ಲಿ ಕಣ್ಣು ಮುಚ್ಚುವುದನ್ನು ಹತ್ತಿರದಿಂದಲೇ ನೋಡಿದಳು.

"ಬೆರಳು ನೋಯ್ತಿದೆ ಅಂತಿದ್ಯಲ್ಲ ಅವಳ ಹತ್ರ," ಎಂದಳು ಕೊನೆಗೆ. "ಯಾವ ಬೆರಳು?"

ಅಕ್ಕ ಬಲಗೈ ಚಾಚಿದಳು. ಕತ್ತರಿಯ ಬೆರಳು ಗೆಣ್ಣಿನ ಹತ್ತಿರ ದಪ್ಪಗಾಗಿತ್ತು. ಪುಟ್ಟಿಯ ಸೂಜಿಯ ಬೆರಳೂ ಅದೇ ಗೆಣ್ಣಿನಲ್ಲಿ ದಪ್ಪಗಾಗಿತ್ತು. ಪಕ್ಕದಲ್ಲಿಟ್ಟು ನೋಡಿದರು. ಅಕ್ಕನದೇ ಸ್ವಲ್ಪ ಜಾಸ್ತಿ ಊದಿತ್ತು. ಅದರಲ್ಲೂ ಅವಳೇ ಮುಂದೆ.

ಕೈ ಹಿಂದಕ್ಕೆ ತೆಗೆಯುವಾಗ ಅಕ್ಕನ ಕಪ್ಪು ಅಂಗಿಯ ಭುಜದ ಮೇಲೆ ಒಂದು ಕೂದಲು ಕಂಡಿತು. ಗಿಡ್ಡ, ಒರಟು, ಬಿಳಿ. ಪುಟ್ಟಿ ಅದನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಹಿಡಿದು ತೆಗೆದು ಹೊಸೆದಳು.

"ಏನೇ ಅದು?" ಎಂದಳು ಅಕ್ಕ.

"ನಮ್ಮನೇದು."

"ಬಿಸಾಕು."

ಪುಟ್ಟಿ ಅದನ್ನು ಕರವಸ್ತ್ರದಲ್ಲಿ ಸುತ್ತಿಕೊಂಡಳು. ಕಪಾಟಿನ ಮೇಲೆ ದೊರೆ ಗೋಡೆಯನ್ನು ನೋಡುತ್ತಲೇ ಇತ್ತು. ಬಾಲದ ವಿಷಯ ಮಾತ್ರ ಇನ್ನೂ ಬಗೆಹರಿದಿರಲಿಲ್ಲ.